ಮೀನು, ಮೊಟ್ಟೆ ಮತ್ತು ಒಂದು ಅಲ್ಪವಿರಾಮ

ಅಮೃತೇಶ್ ನಂದಿತಾಳನ್ನು ಮೊದಲ ಸಲ ನೋಡಿದ್ದು ಮೂಗೂರಿನಲ್ಲಿ, ಅವಳ ಸೋದರಮಾವ ಶಿವರಾಜು ಅವರ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಹೆಣ್ಣು ನೋಡುವ ಶಾಸ್ತ್ರ. ಅಕ್ಕಪಕ್ಕದ ಮನೆಗಳಿಂದ ತಂದಿದ್ದ ನೀಲಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದರ ಕಾಲು ಸೀಳಿತ್ತು. ಆ ಕುರ್ಚಿಯನ್ನು ಗಂಡಿನ ಕಡೆಯವರಿಗೆ ಹಾಕಬಾರದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅದು ಯಾವುದು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅದು ನೇರವಾಗಿ ಗಂಡಿಗೇ ಸಿಕ್ಕಿತು. ಅಮೃತೇಶ್ ಅತ್ತಿತ್ತ ವಾಲದೆ, ಉಸಿರು ಬಿಗಿಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ.

“ನೋಡಕ್ಕಾ, ಎಂಗೆ ಕೂತವ್ನೆ! ಸಿಸ್ತು ಅಂದ್ರೆ ಇದು” ಎಂದು ಶಿವರಾಜು ತಮ್ಮ ಅಕ್ಕ ರುದ್ರಮ್ಮನ ಕಿವಿಯಲ್ಲಿ ಹೇಳಿದರು. ರುದ್ರಮ್ಮ ಎಂದರೆ ನಂದಿತಾಳ ತಾಯಿ. ಗಂಡ ತೀರಿಕೊಂಡ ಮೇಲೆ ಮಗಳೊಡನೆ ತಮ್ಮನ ಮನೆಯಲ್ಲೇ ಇದ್ದವರು. ಕಿವಿಯಲ್ಲಿ ಹೇಳಿದ ಮಾತು ಬೀದಿಯವರೆಗೂ ಕೇಳಿಸಿತು. ಶಿವರಾಜು ಗುಟ್ಟು ಹೇಳುವ ಕ್ರಮವೇ ಹಾಗೆ.

ನಂದಿತಾ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆಗಳನ್ನು ತಂದಳು. ಅವಳು ತಿ. ನರಸೀಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ತಲೆ ತಗ್ಗಿಸಬೇಕಾದ ಹೊತ್ತಿನಲ್ಲಿ ಪರೀಕ್ಷೆಯ ಕೊಠಡಿಯಲ್ಲಿ ನೋಡುವ ಹಾಗೆ ಎಲ್ಲರನ್ನೂ ಒಂದು ಸುತ್ತು ನೋಡಿದಳು. ನಕಲು ಹೊಡೆಯುವವನಂತೆ ಕಂಡವನು ಅಮೃತೇಶ್ ಒಬ್ಬನೇ. ಬಿಳಿಗೆರೆಯಿಂದ ಬಂದಿದ್ದ ಅವನ ಅಪ್ಪ ಮಾದಯ್ಯ ಮಾತ್ರ ನಿಶ್ಚಿಂತೆಯಿಂದ ಎರಡನೆಯ ಸಲ ಕೇಸರಿಬಾತು ಹಾಕಿಸಿಕೊಂಡು, ನಾಲೆಗೆ ಈ ಸಲ ನೀರು ಯಾವಾಗ ಬಿಡುತ್ತಾರೆ ಎಂದು ವಿಚಾರಿಸುತ್ತಿದ್ದರು.

“ಉಡುಗ ಉಡುಗಿ ಇತ್ಲಲ್ಲಿ ಒಂದೆರಡು ಮಾತಾಡ್ಕಳ್ಳಿ. ಈಗಿನ್ ಕಾಲ” ಎಂದರು ಶಿವರಾಜು, ಈಗಿನ ಕಾಲವನ್ನು ತಾವೇ ಕೈಯಾರೆ ತಂದವರಂತೆ.

ಹಿತ್ತಲಲ್ಲಿ ಒಂದು ಸಿಮೆಂಟು ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಅದರ ನೀರಿಗೆ ಸೊಂಪಾಗಿ ಬೆಳೆದ ಕೆಸುವಿನ ಗಿಡಗಳು. ಗೋಡೆಯಾಚೆ ಗದ್ದೆ. ಕಿಟಕಿಯ ಸರಳುಗಳ ಹಿಂದೆ ನಾಲ್ಕಾರು ಜೊತೆ ಕಣ್ಣು. ಹುಡುಗಿಯನ್ನು ಏನು ಕೇಳಬೇಕು ಎಂದು ಅಮೃತೇಶ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆದರೆ ಒಗೆಯುವ ಕಲ್ಲಿನ ಬುಡದಲ್ಲಿ ಬಿದ್ದಿದ್ದ, ದುಂಡಗೆ ಒಳ್ಳೆ ನಿಂಬೆಹಣ್ಣಿನ ಗಾತ್ರದ ಖಾಲಿ ಬಸವನಹುಳದ ಚಿಪ್ಪುಗಳು ಕಣ್ಣಿಗೆ ಬಿದ್ದದ್ದೇ ತಡ, ಪಾಠವೆಲ್ಲ ಮರೆತುಹೋಯಿತು. ಅವನು ತನ್ನ ಭಾವೀ ಹೆಂಡತಿಗೆ ಹೇಳಿದ ಮೊದಲ ಮಾತು ಇದು:

“ಈ ಚಿಪ್ಪು ನಿಮ್ದಾ?”

“ನಮ್ದಲ್ಲ. ಬಸವನಹುಳದ್ದು.”

“ತಗೋಬಹುದಾ?”

“ಹುಳ ಸತ್ತುಹೋಗಿದೆ, ಅದನ್ನ ಕೇಳೋಕಾಗಲ್ಲ. ತಗೊಳ್ಳಿ.”

ಅಮೃತೇಶ್ ಬಗ್ಗಿ, ಒಂದೊಂದನ್ನೂ ಕರ್ಚೀಫಿನಲ್ಲಿ ಒರೆಸಿ, ಹೆಣ್ಣು ನೋಡಲೆಂದೇ ಹೊಲಿಸಿದ್ದ ಪ್ಯಾಂಟಿನ ಜೇಬಿಗೆ ಇಳಿಸಿಕೊಂಡ. ಆಮೇಲೆ ತೊಟ್ಟಿಯ ಅಂಚಿಗೆ ಕಟ್ಟಿದ್ದ ಬಿಳಿ ಕರೆಯನ್ನು ಉಗುರಿನಿಂದ ಕೆರೆದು ನೋಡಿ, “ನಿಮ್ಮ ಮನೆ ನೀರು ಗಡಸಾ?” ಎಂದ.

ನಂದಿತಾ ಅವನ ಹಣೆ ಎಲ್ಲಿಯವರೆಗೆ ಹೋಗಿದೆ ಎಂದು ಅಳೆಯುವಂತೆ ನೋಡಿದಳು. “ಗಡಸೇ. ಆದ್ರೂ ನಿಮ್ಮಷ್ಟು ಕೂದಲು ಈ ಮನೇಲಿ ಯಾರಿಗೂ ಉದುರಿಲ್ಲ.”

“ತುಂಬಾ ಒಳ್ಳೇದು” ಎಂದ ಅಮೃತೇಶ್, ಮನಸಾರೆ.

ಅದುವರೆಗೆ ಅವಳನ್ನು ನೋಡಲು ಬಂದವರೆಲ್ಲ ಅಡುಗೆ ಬರುತ್ತದಾ, ಕೆಲಸ ಬಿಡುತ್ತೀರಾ ಎಂದು ಕೇಳಿದ್ದರು. ಪಾತ್ರೆ ಹಾಳುಮಾಡುವ ನೀರನ್ನು ಹೊಗಳಿದವನು ಇವನೊಬ್ಬನೇ. ಇವನಿಗೆ ಹುಚ್ಚಿರಬೇಕು, ಇಲ್ಲವೇ ಸುಳ್ಳು ಹೇಳಲು ಬರುವುದಿಲ್ಲ ಎಂದು ಆಗ ಅನ್ನಿಸಿತಂತೆ. ಎರಡೂ ನಿಜ ಎಂದು ಗೊತ್ತಾದದ್ದು ಆಮೇಲೆ.

“ಚಿಪ್ಪು ಯಾಕೆ?” ಎಂದಳು.

“ಮೀನು ಸಾಕಿದೀನಿ. ಅವು ಚಿಪ್ಪೊಳಗೇ ಸಂಸಾರ ಮಾಡ್ತವೆ.”

“ಮೀನು? ಲಿಂಗಾಯತರ ಮನೇಲಿ?”

“ನೋಡೋಕೆ ಕಣ್ರೀ, ತಿನ್ನೋಕಲ್ಲ!”

ನಂದಿತಾ ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ನಮ್ಮ ಮಾವನಿಗೆ ಇದನ್ನ ಈಗಲೇ ಹೇಳ್ಬೇಡಿ. ನನ್ನ ನಂಬರ್ ತಗೊಳ್ಳಿ.”

ಅಮೃತೇಶ್ ನಂಜನಗೂಡಿನ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ವಿಭಾಗದ ನೌಕರ. ಅಂದರೆ, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವವನು. ಇಂಥ ಕೆಲಸದವನಿಗೆ ಮನೆಗೆ ಬಂದ ಮೇಲೆ ಯಾವ ತಪ್ಪೂ ಇಲ್ಲದ ಒಂದು ವಸ್ತು ನೋಡಬೇಕು ಅನ್ನಿಸುವುದು ಸಹಜ. ಬೇರೆಯವರು ಅದಕ್ಕೆ ಟಿವಿ ಇಟ್ಟುಕೊಳ್ಳುತ್ತಾರೆ. ಇವನು ಮೈಸೂರಿನ ಅಂಗಡಿಯೊಂದರಿಂದ ಗಾಜಿನ ತೊಟ್ಟಿ ತಂದ. ಅದಕ್ಕೆ ಜರಡಿ ಹಿಡಿದ ಮರಳು, ಮರಳ ಮೇಲೆ ಚಿಪ್ಪು, ಚಿಪ್ಪಿಗೊಂದು ಮೀನು. ಅಂಗಡಿಯವನು ಅದನ್ನು ‘ಮಲ್ಟಿ’ ಎಂದು ಕರೆದ. ಆಫ್ರಿಕಾದ ಟ್ಯಾಂಗನಿಕಾ ಸರೋವರದ ಮೂಲ, ಮೈತುಂಬ ಸಣ್ಣ ಪಟ್ಟೆ, ಉದ್ದ ಬೆರಳಿನ ಒಂದೂವರೆ ಗೆಣ್ಣು. ಸತ್ತ ಬಸವನಹುಳದ ಚಿಪ್ಪೇ ಅದರ ಮನೆ. ಅಲ್ಲೇ ನಿದ್ದೆ, ಅಲ್ಲೇ ಬಾಣಂತನ.

ಶುರುವಿನಲ್ಲಿ ಅವನು ಭಕ್ತಿಯಿಂದ ಕ್ಯಾನಿನಲ್ಲಿ ಹೊತ್ತು ತಂದು ಕಪಿಲೆಯ ನೀರನ್ನೇ ತುಂಬಿದ. ನಂಜನಗೂಡಿಗೆ ದೂರದೂರದಿಂದ ಬಂದವರು ಮುಳುಗಿ ಪಾವನರಾಗುವ ನೀರು. ಮೀನುಗಳು ಪಾವನವಾಗಲಿಲ್ಲ, ಸೊರಗಿ ಸತ್ತವು. ಓದಿ ನೋಡಿದರೆ, ಅವಕ್ಕೆ ಬೇಕಾದದ್ದು ಸುಣ್ಣದ ಅಂಶ ತುಂಬಿದ ಗಡಸು ನೀರು. ಊರಿನ ಹೆಂಗಸರೆಲ್ಲ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ ಎಂದು ದಿನಾ ಶಪಿಸುವ ಬೋರ್‌ವೆಲ್ ನೀರು! ಅದನ್ನು ಹಾಕಿದ ಮೇಲೆ ಹೊಸ ಮೀನುಗಳು ಗೆಲುವಾದವು. ಗೆಲುವಾದ ಕೂಡಲೇ ಜಗಳ ಶುರುಮಾಡಿದವು. ಬಾಯಲ್ಲಿ ಒಂದೊಂದೇ ತುತ್ತು ಮರಳು ಹೊತ್ತು ಪಕ್ಕದವನ ಬಾಗಿಲಿಗೆ ಸುರಿಯುವುದು, ಅವನು ಅದನ್ನು ಎತ್ತಿ ಇವನ ಬಾಗಿಲಿಗೆ ಸುರಿಯುವುದು. ಖಾತೆ ಇಲ್ಲ, ಪಹಣಿ ಇಲ್ಲ, ಒತ್ತುವರಿ ಮಾತ್ರ ಸಾಂಗವಾಗಿ ನಡೆದಿತ್ತು. ಅಮೃತೇಶನಿಗೆ ಬಿಳಿಗೆರೆಯ ಬದುವಿನ ವ್ಯಾಜ್ಯಗಳೆಲ್ಲ ನೆನಪಾಗಿ, ತವರಿಗೆ ಹೋದಷ್ಟು ಸಂತೋಷವಾಗುತ್ತಿತ್ತು.

ಒಂದೇ ತೊಡಕು ಎಂದರೆ ನಂಜನಗೂಡಿನ ಆ ಮನೆ ಬಾಡಿಗೆಯದು. ಮಾಲೀಕರು ಗೋಪಾಲಕೃಷ್ಣ, ನಿವೃತ್ತ ಸಂಸ್ಕೃತ ಮೇಷ್ಟ್ರು. ಕೆಳಗೆ ಅವರು ಮತ್ತು ಅವರ ಹೆಂಡತಿ ತಂಗಮ್ಮ, ಮೇಲಿನ ಮನೆಯಲ್ಲಿ ಅಮೃತೇಶ್. ಬೀಗದ ಕೈ ಕೊಟ್ಟ ದಿನವೇ ಮೇಷ್ಟ್ರು ಹೇಳಿದ್ದರು: “ನಮ್ಮದು ಒಂದೇ ನಿಯಮ ಕಣ್ರೀ. ಮೀನು, ಮೊಟ್ಟೆ ಒಳಗೆ ಬರಕೂಡದು.”

“ನಾವು ಲಿಂಗಾಯತರು ಸಾ.”

“ಗೊತ್ತು. ಆದರೂ ನಿಯಮ ನಿಯಮವೇ.”

ಹೀಗೆ ನಿಯಮ ಮಾಡಿದವರ ಮನಸ್ಸಿನಲ್ಲಿದ್ದದ್ದು ಬಾಣಲೆ, ತೊಟ್ಟಿಯಲ್ಲ ಎಂದು ಅಮೃತೇಶ್ ತನಗೆ ತಾನೇ ವ್ಯಾಖ್ಯಾನ ಮಾಡಿಕೊಂಡ. ಮೇಷ್ಟ್ರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವ ತೊಂದರೆ ಮಾತ್ರ ತೆಗೆದುಕೊಳ್ಳಲಿಲ್ಲ. ಮೇಷ್ಟ್ರು ಒಮ್ಮೆ ಮೇಲೆ ಬಂದು ತೊಟ್ಟಿಯನ್ನು ನೋಡಿಯೂ ಇದ್ದರು. ಹೊಸ ಮುಖ ಕಂಡರೆ ಈ ಮೀನುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಚಿಪ್ಪಿನೊಳಗೆ ಮಾಯ. ಮೇಷ್ಟ್ರಿಗೆ ಕಂಡದ್ದು ಬರೀ ನೀರು, ಮರಳು, ಚಿಪ್ಪು. “ಸಾಲಿಗ್ರಾಮದ ಥರ ಏನಾದ್ರೂ ಪೂಜೆಯೇ?” ಎಂದು ಕೇಳಿದರು. ಅಮೃತೇಶ್ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ, ನಕ್ಕ. ಓದಿದವರಿಗೆ ಇವೆರಡರ ನಡುವೆ ಯಾವಾಗಲೂ ಒಂದು ಸೈಟು ಸಿಗುತ್ತದೆ.

ಮೂಗೂರಿನ ಚಿಪ್ಪುಗಳನ್ನು ತೊಟ್ಟಿಗೆ ಬಿಡುವ ಮೊದಲು ಕುದಿಸಬೇಕಾಗಿತ್ತು. ಅವನ ಮನೆಯಲ್ಲಿದ್ದ ದೊಡ್ಡ ಪಾತ್ರೆ ಎಂದರೆ ಕುಕ್ಕರ್ ಒಂದೇ. ಒಳಗೆ ಒಣಗಿ ಅಂಟಿಕೊಂಡಿದ್ದ ಹುಳದ ಅವಶೇಷ ಬೆಂದ ವಾಸನೆ ಮೆಟ್ಟಿಲಿಳಿದು ಕೆಳಗಿನ ದೇವರ ಮನೆಯವರೆಗೂ ಹೋಯಿತು. ತಂಗಮ್ಮ ಒಂದು ಕಟ್ಟು ಊದುಬತ್ತಿ ಹಚ್ಚಿದರು. ಮೇಷ್ಟ್ರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರು.

ಹೆಣ್ಣಿನ ಕಡೆಯವರು ‘ತಿಳಿಸ್ತೀವಿ’ ಎಂದು ಕಳಿಸಿದ್ದರು. ಹಾಗೆಂದರೆ, ಹುಡುಗನನ್ನು ಅವನಿಗೆ ಗೊತ್ತಾಗದಂತೆ ವಿಚಾರಿಸುತ್ತೇವೆ ಎಂದು ಅರ್ಥ. ಅಮೃತೇಶನಿಗೆ ನಂದಿತಾ ಬಹಳ ಹಿಡಿಸಿದ್ದಳು. ರಾತ್ರಿಯೆಲ್ಲ ಫೋನಿನಲ್ಲಿ ಮಾತಾಡುವಷ್ಟು ಧೈರ್ಯವಿಲ್ಲದೆ, ಮೀನಿನ ನೆಪ ಸಿಕ್ಕಾಗಲೆಲ್ಲ ಮೆಸೇಜು ಹಾಕುತ್ತಿದ್ದ. ಅವಳು ಅದರಲ್ಲಿನ ಕಾಗುಣಿತ ತಿದ್ದಿ ವಾಪಸ್ಸು ಕಳಿಸುತ್ತಿದ್ದಳು. ಇದು ಒಪ್ಪಿಗೆಯೋ ಅಲ್ಲವೋ ಎಂದು ತಿಳಿಯದೆ ಅವನು ಒದ್ದಾಡುತ್ತಿದ್ದ.

ಒಂದು ಸಂಜೆ ಶಿವರಾಜು ನಂಜನಗೂಡಿಗೆ ಬಂದರು. ದೇವರಿಗೆ ಕೈಮುಗಿದು, ನೇರ ಮೇಷ್ಟ್ರ ಗೇಟಿಗೆ ಬಂದು, “ಮನೆ ಬಾಡಿಗ್ಗೆ ಐತಾ ಸಾ?” ಎಂದರು. ಮನೆ ಕೇಳಲು ಬಂದವರು ಮನೆಯನ್ನೇ ನೋಡದೆ, ಮೇಲಿರುವ ಹುಡುಗ ಕುಡಿಯುತ್ತಾನಾ, ಯಾರ ಜೊತೆ ಓಡಾಡುತ್ತಾನೆ ಎಂದು ಕೇಳಿದರೆ ಅವರು ಯಾರು ಎಂದು ನಂಜನಗೂಡಿನ ಹಸುಗೂಸಿಗೂ ಗೊತ್ತು. ಮೇಷ್ಟ್ರು ಕುಕ್ಕರಿನ ವಾಸನೆಯನ್ನು ಬದಿಗಿಟ್ಟು, ಗಾಂಭೀರ್ಯದಿಂದ ಹೊಗಳಲು ಕೂತರು. “ಹುಡುಗ ಬಂಗಾರ. ಬೆಳ್ಳುಳ್ಳಿ ವಾಸನೆ ಕೂಡ ಕೆಳಗೆ ಬರಲ್ಲ. ಆಚಾರ, ವಿಚಾರ...”

ವಿಚಾರ ಎನ್ನುವಷ್ಟರಲ್ಲಿ ಮೇಲಿನ ಬಾಗಿಲು ದಡಾರನೆ ತೆರೆಯಿತು. ಒಳಗೆ ಸಿಗ್ನಲ್ ಸಿಗದೆ ಅಮೃತೇಶ್ ಮೆಟ್ಟಿಲ ಮೇಲೆ ಬಂದು ನಿಂತು, ಕುಣಿಯುವುದೊಂದು ಬಾಕಿ ಎಂಬಂತೆ ಫೋನಿನಲ್ಲಿ ಕೂಗಿದ:

“ರೀ, ಕೇಳಿಸ್ತಾ? ಮನೇಲಿ ಮೀನು ಮೊಟ್ಟೆ ಇಟ್ಟಿದೆ! ಹೌದು ಕಣ್ರೀ, ಮೀನು ಮೊಟ್ಟೆ! ಯಾರಿಗೂ ಹೇಳ್ಬೇಡಿ, ನಮ್ಮ ಓನರ್‌ಗೆ ಗೊತ್ತಾದ್ರೆ ನನ್ನ ಕಥೆ ಮುಗೀತು!”

ಕೆಳಗೆ ಓನರ್ ಮತ್ತು ಹೆಣ್ಣಿನ ಸೋದರಮಾವ ಇಬ್ಬರೂ ತಲೆಯೆತ್ತಿ ಕೇಳಿಸಿಕೊಂಡರು. ಅವನ ಕಥೆ ಅಲ್ಲಿಗೆ ಮುಗಿಯಿತು. ಶಿವರಾಜು ಚಪ್ಪಲಿ ಮೆಟ್ಟಿಕೊಂಡು, “ಬತ್ತೀನಿ ಸಾ, ಬಂಗಾರ ಚೆನ್ನಾಗೈತೆ” ಎಂದು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಮೇಷ್ಟ್ರು ತಂಗಮ್ಮನನ್ನು ಕರೆದುಕೊಂಡು ಮೇಲೆ ಬಂದು ಅಡುಗೆ ಮನೆಯ ಡಬ್ಬಗಳನ್ನೆಲ್ಲ ಮುಚ್ಚಳ ತೆಗೆದು ನೋಡಿದರು. ಫ್ರಿಜ್ಜಿನಲ್ಲಿ ಅರ್ಧ ಸೌತೆಕಾಯಿ, ಒಂದು ಬಟ್ಟಲು ಮೊಸರು. ತೊಟ್ಟಿಯಲ್ಲಿ ಎಂದಿನಂತೆ ಮರಳು, ಚಿಪ್ಪು.

“ತಿಂದು ಮುಗಿಸಿರಬೇಕು” ಎಂದರು ತಂಗಮ್ಮ.

“ಸಿಕ್ಕಿದ ದಿನ ಮನೆ ಖಾಲಿ, ಅಮೃತೇಶ್” ಎಂದರು ಮೇಷ್ಟ್ರು.

ಅಮೃತೇಶ್ ಬಾಯಿ ಬಿಡಲಿಲ್ಲ. ಬಿಟ್ಟರೆ, ನಿಯಮದ ಪ್ರಕಾರ, ಮೀನೂ ಇತ್ತು, ಮೊಟ್ಟೆಯೂ ಇತ್ತು.

ಮೂಗೂರಿನಲ್ಲಿ ಆ ರಾತ್ರಿ ನಡೆದದ್ದನ್ನು ನಂದಿತಾ ಮಾರನೆಯ ದಿನ ಸ್ಕೂಲಿನಿಂದ ಫೋನಿನಲ್ಲಿ ವರದಿ ಮಾಡಿದಳು. ಶಿವರಾಜು ಕೈಕಾಲು ತೊಳೆಯದೆ ತೀರ್ಪು ಕೊಟ್ಟಿದ್ದರು. “ಮೀನು, ಮೊಟ್ಟೆ ಮನೇಲಿ ಮಡಿಕಂಡವ್ನೆ. ನನ್ ಕಿವಿಯಾರೆ ಕೇಳ್ದೆ. ಈ ಸಂಬಂಧ ಬ್ಯಾಡ.”

ಕನ್ನಡ ಟೀಚರು ಸುಮ್ಮನಿರಲಿಲ್ಲ. “ಮಾವ, ಆ ಫೋನ್ ಬಂದಿದ್ದು ನನಗೆ. ಅದು ‘ಮೀನು, ಮೊಟ್ಟೆ’ ಅಲ್ಲ. ಮೀನು ಮೊಟ್ಟೆ ಇಟ್ಟಿದೆ. ಮೀನು ಕರ್ತೃ, ಮೊಟ್ಟೆ ಕರ್ಮ, ಇಟ್ಟಿದೆ ಅನ್ನೋದು ಕ್ರಿಯಾಪದ. ಮಧ್ಯದಲ್ಲಿ ಅಲ್ಪವಿರಾಮ ಇಲ್ಲ.”

“ಕರ್ಮ ಅನ್ನದು ಅರ್ಥ ಆಯ್ತು ಕಣವ್ವ. ಅದು ನಿನ್ ಕರ್ಮ.”

ರುದ್ರಮ್ಮ ರಾಗಿ ಮುದ್ದೆ ತಿರುವುವುದನ್ನು ನಿಲ್ಲಿಸಿ ಕೇಳಿದರು: “ಎಂಗಾರ ಆಗ್ಲಿ, ಅವ್ನ ಮನೇಲಿ ಮೀನು ಇರದು ದಿಟ್ವಾ?”

“ದಿಟ.”

“ಮೊಟ್ಟೆ?”

“ಅದೂ ದಿಟ.”

“ಮತ್ತೆ ನಿನ್ ಅಲ್ಪವಿರಾಮ ಮಡಿಕಂಡು ಏನವ್ವಾ ಮಾಡ್ಲಿ ನಾನು, ಒಗ್ಗರಣೆ ಆಕ್ಲಾ?”

ನಂದಿತಾ ಸೋಲಲಿಲ್ಲ. ಅದು ತಿನ್ನುವುದಲ್ಲ, ಸಾಕುವುದು, ಬೇಕಾದರೆ ಹೋಗಿ ನೋಡಿ, ನೋಡಿದ ಮೇಲೂ ಬೇಡವೆಂದರೆ ನಾನು ಮಾತೆತ್ತುವುದಿಲ್ಲ ಎಂದು ಹಟ ಹಿಡಿದಳಂತೆ. ಆಮೇಲೆ, “ಭಾನುವಾರ ಬರ್ತಾರೆ. ನಾನೂ ಬರ್ತೀನಿ. ನಿಮ್ಮ ಮೀನಿಗೆ ಹೇಳಿಡಿ, ಆಚೆ ಬಂದು ಮುಖ ತೋರಿಸಲಿ. ನನಗೆ ಈ ಸಂಬಂಧ ಬೇಕು” ಎಂದಳು. ಅಮೃತೇಶನ ಕಾಗುಣಿತದ ಅನುಮಾನವೆಲ್ಲ ಒಂದೇ ಏಟಿಗೆ ಪರಿಹಾರವಾಯಿತು.

ಭಾನುವಾರ ಬೆಳಗ್ಗೆ ಮೇಷ್ಟ್ರು ದೇವಸ್ಥಾನಕ್ಕೆ ಹೋಗುವ ಹೊತ್ತನ್ನೇ ನೋಡಿ ಅವನು ಮೂಗೂರಿನವರನ್ನು ಕರೆಸಿದ್ದ. ಆದರೆ ಗೇಟಿನಲ್ಲಿ ಹಳೆಯ ‘ಬಾಡಿಗೆ ಗಿರಾಕಿ’ ಇಬ್ಬರು ಹೆಂಗಸರನ್ನು ಕರೆದುಕೊಂಡು ಮೆಟ್ಟಿಲು ಹತ್ತುವುದನ್ನು ಕಂಡ ಮೇಷ್ಟ್ರಿಗೆ ದೇವರಿಗಿಂತ ಇದೇ ಮುಖ್ಯವೆನ್ನಿಸಿ, ಹೂವಿನ ಬುಟ್ಟಿ ಹಿಡಿದುಕೊಂಡೇ ಹಿಂದಿನಿಂದ ಬಂದರು.

ಎಲ್ಲರೂ ತೊಟ್ಟಿಯ ಮುಂದೆ ಸಾಲಾಗಿ ನಿಂತರು. ನಾಲ್ಕು ಹೊಸ ಮುಖ. ಮೀನುಗಳು ಚಿಪ್ಪಿನೊಳಗೆ ನುಸುಳಿ ಬಾಗಿಲು ಹಾಕಿಕೊಂಡಂತೆ ಕಾಣೆಯಾದವು. ಮರಳು, ಚಿಪ್ಪು, ಗುಳುಗುಳು ಗಾಳಿಗುಳ್ಳೆ.

“ಎಲ್ಲಪ್ಪಾ ಮೀನು?” ಎಂದರು ಶಿವರಾಜು.

“ಯಾವ ಮೀನು?” ಎಂದರು ಮೇಷ್ಟ್ರು, ಬುಟ್ಟಿ ಕೆಳಗಿಡುತ್ತಾ.

ಮೀನು ಹೊರಗೆ ಬಂದರೆ ಮನೆ ಹೋಯಿತು. ಬರದಿದ್ದರೆ ಹುಡುಗಿ ಹೋದಳು. ನಂಜನಗೂಡಿನಲ್ಲಿ ಒಬ್ಬಂಟಿ ಗಂಡಸಿಗೆ ಮನೆ ಸಿಗುವುದು ಎಷ್ಟು ಕಷ್ಟ ಎಂದು ಅಮೃತೇಶನಿಗೆ ಗೊತ್ತಿತ್ತು. ಹುಡುಗಿ ಸಿಗುವುದು ಎಷ್ಟು ಕಷ್ಟ ಎಂಬುದೂ ಗೊತ್ತಿತ್ತು.

“ಇಲ್ದೇ ಇರದ್ನ ಎಂಗೆ ತೋರ್ಸಾನು ಅಕ್ಕಾ? ತಿಂದಾಗೈತೆ” ಎಂದು ಶಿವರಾಜು ರುದ್ರಮ್ಮನ ಕಿವಿಯಲ್ಲಿ ಇಡೀ ಬೀದಿಗೆ ಕೇಳುವಂತೆ ಹೇಳಿದರು. ರುದ್ರಮ್ಮ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದರು. ನಂದಿತಾ ಮಾತ್ರ ತಿರುಗಲಿಲ್ಲ. ಉತ್ತರ ಗೊತ್ತಿದ್ದೂ ಬರೆಯದ ಹುಡುಗನನ್ನು ನೋಡುವ ಹಾಗೆ ಅಮೃತೇಶನನ್ನೇ ನೋಡುತ್ತಿದ್ದಳು.

ಅಮೃತೇಶ್ ಅಂಗಿಯ ತೋಳು ಮಡಿಸಿ ಕೈಯನ್ನು ನೀರಿಗೆ ಇಳಿಸಿದ. ಬಾಣಂತಿ ಮೀನಿದ್ದ ಮೂಗೂರಿನ ಚಿಪ್ಪಿನ ಪಕ್ಕಕ್ಕೆ ತೋರುಬೆರಳು ತಂದು, ಮರಳಿನಲ್ಲಿ ಒಂದು ಗೀರು ಎಳೆದ. ಗಡಿ ಒತ್ತುವರಿ! ಚಿಪ್ಪಿನೊಳಗಿನಿಂದ ಬೆರಳಿನ ಗೆಣ್ಣಿನಷ್ಟುದ್ದದ ಮೀನೊಂದು ಬಾಣದಂತೆ ಹಾರಿ ಬಂದು ಅವನ ಬೆರಳಿಗೆ ಕಚ್ಚಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಆನೆಯನ್ನು ಅಟ್ಟಲು ಇರುವೆಗಳು ಪಡೆ ಕಟ್ಟಿದಂತೆ ಅವನ ಕೈಯನ್ನು ಓಡಿಸಿ, ಗೀರನ್ನು ಬಾಯಿಂದ ಮರಳು ತಂದು ಮುಚ್ಚಲು ಶುರುಮಾಡಿದವು. ತಾಯಿಯ ಹಿಂದೆ ಚಿಪ್ಪಿನ ಬಾಯಲ್ಲಿ ರೆಪ್ಪೆಕೂದಲಿನಂಥ ಮರಿಗಳು ಅಲುಗಾಡಿದವು.

“ಅಮೃತೇಶ್” ಎಂದರು ಮೇಷ್ಟ್ರು. “ಮೀನು.”

“ಹೌದು ಸಾ.”

“ಮೊಟ್ಟೆ?”

“ಒಡೆದು ಮರಿ ಆಗವೆ ಸಾ.”

ಶಿವರಾಜು ಗಾಜಿಗೆ ಮೂಗು ಒತ್ತಿ ನೋಡಿ, ತಾಲ್ಲೂಕು ಆಫೀಸಿನ ಸರ್ವೆಯವರಂತೆ ಎದ್ದು ನಿಂತರು. “ಥೂ, ಇದ್ನ ಯಾವನ್ಲಾ ತಿಂತಾನೆ? ಅಲ್ಲು ಸಂದಿಗೂ ಸಾಲದು. ಗೂಡು ಬೇರೆ ಬಸವನ ಎಸರಿಂದು. ನಮ್ಮೋರೇ ಬುಡು.”

ರುದ್ರಮ್ಮ ವಾಪಸ್ಸು ಬಂದು ಬಹಳ ಹೊತ್ತು ನೋಡಿದರು. “ಇಷ್ಟು ಜನ ಒಂದೇ ಕಡೆ ಅವ್ರಲ್ಲ, ಜಗಳ ಇಲ್ವಾ ಮಗ?”

“ದಿನಾ ಐತೆ ಅವ್ವಾ.”

“ಅಂಗಾರೆ ಸಂಸಾರವೇಯ” ಎಂದು ಅವರು ಕುರ್ಚಿಯಲ್ಲಿ ಕೂತರು. ಕೂತರೆಂದರೆ ಒಪ್ಪಿದರೆಂದು ಅರ್ಥ. ಅಮೃತೇಶ್ ಒದ್ದೆ ಕೈಯಲ್ಲೇ ಕಾಫಿಗೆ ಹಾಲಿಡಲು ಓಡಿದ.

ನಂದಿತಾ ಮೇಷ್ಟ್ರಿಗೆ ಕೈಮುಗಿದು ಕರ್ತೃ, ಕರ್ಮ, ಅಲ್ಪವಿರಾಮದ ವಿಷಯವನ್ನು ಮೊದಲಿಂದ ವಿವರಿಸಿದಳು. ಅವರು ಕಣ್ಣು ಮುಚ್ಚಿ, ತಲೆದೂಗುತ್ತಾ ಪೂರ್ತಿ ಕೇಳಿದರು. ಇಷ್ಟು ಶುದ್ಧವಾಗಿ ಮಾತಾಡುವವರನ್ನು ಕೇಳಿ ಅವರಿಗೆ ಬಹಳ ಕಾಲವಾಗಿತ್ತು. ಕೊನೆಗೆ ಕಣ್ಣು ತೆರೆದು, “ವ್ಯಾಕರಣ ಸರಿಯಾಗಿದೆಯಮ್ಮ. ಮನೆ ತಿಂಗಳ ಕೊನೆಗೆ ಖಾಲಿ” ಎಂದು ಬುಟ್ಟಿ ಎತ್ತಿಕೊಂಡು ದೇವಸ್ಥಾನಕ್ಕೆ ಹೋದರು.

ಆಮೇಲಿನ ವಾರಗಳಲ್ಲಿ ಅಮೃತೇಶ್ ಮನೆ ಹುಡುಕಿದ ರೀತಿ ಬ್ರೋಕರ್ ನಿಂಗರಾಜುವಿಗೆ ಇವತ್ತಿಗೂ ಅರ್ಥವಾಗಿಲ್ಲ. ಹೋದಲ್ಲೆಲ್ಲ ಮೊದಲ ಪ್ರಶ್ನೆ, ನೀರು ಹೇಗೆ. ಮಾಲೀಕರು ಎದೆಯುಬ್ಬಿಸಿ “ಹೊಳೆ ನೀರು ಸಾರ್, ಸಕ್ಕರೆ!” ಎನ್ನುವುದು, ಇವನು ಮುಖ ಸಣ್ಣದು ಮಾಡಿಕೊಂಡು ಮೆಟ್ಟಿಲಿಳಿಯುವುದು. ಕೊನೆಗೆ ತಿ. ನರಸೀಪುರದಲ್ಲಿ, ನಂದಿತಾಳ ಸ್ಕೂಲಿಗೆ ಹತ್ತಿರ, ಬೋರ್‌ವೆಲ್ ನೀರಿಗೆ ಹೆದರಿ ಯಾರೂ ನಿಲ್ಲದ ಒಂದು ಮನೆ ಸಿಕ್ಕಿತು. ಬಿಳಿ ಕರೆಗಟ್ಟಿದ ನಲ್ಲಿಯನ್ನು ನೋಡಿ ಅಮೃತೇಶ್ ಅಲ್ಲೇ ಅಡ್ವಾನ್ಸ್ ಕೊಟ್ಟ. ಅಲ್ಲಿ ಮಾಲೀಕರು ಮಾಡಿದ ನಿಯಮ ಒಂದೇ, ಗೋಡೆಗೆ ಮೊಳೆ ಹೊಡೆಯಬಾರದು. ಮೀನುಗಳಿಗೆ ಆ ಅಭ್ಯಾಸವಿರಲಿಲ್ಲ.

ಮದುವೆಯಾದ ಮೇಲೆ ಗಂಡ ಹೆಂಡತಿ ನಂಜನಗೂಡಿಗೆ ಹೋದಾಗ ಮೇಷ್ಟ್ರ ಗೇಟಿನಲ್ಲಿ ಹೊಸ ಬೋರ್ಡು ಕಂಡಿತು. ಬಾಯಿಮಾತಿನ ನಿಯಮದ ಮೇಲೆ ಅವರಿಗೆ ನಂಬಿಕೆ ಹೋಗಿ, ಪೇಂಟರನಿಗೆ ಹೇಳಿ ಬರೆಸಿದ್ದರು. ಪೇಂಟರನು ಜಾಗ ಸಾಲದೆ ಅಲ್ಪವಿರಾಮ ಬಿಟ್ಟಿದ್ದ. ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಈ ಮನೆಯಲ್ಲಿ ಮೀನು ಮೊಟ್ಟೆ ಇಡುವಂತಿಲ್ಲ.’

ನಂದಿತಾ ಬ್ಯಾಗಿನಲ್ಲಿ ಕೆಂಪು ಪೆನ್ನಿಗೆ ಕೈಹಾಕಿದಳು. ಅಮೃತೇಶ್ ಅವಳನ್ನು ಎಳೆದುಕೊಂಡು ಬಂದ.

ಅಮೃತೇಶ್ ಈಗ ಹೆಂಡತಿಯೊಂದಿಗೆ ತಿ. ನರಸೀಪುರದಲ್ಲಿದ್ದಾನೆ. ದಿನಾ ಬಸ್ಸು ಹಿಡಿದು ತಾಂಡ್ಯದ ಕಾರ್ಖಾನೆಗೆ ಹೋಗಿ ಬರುತ್ತಾನೆ. ಭಾನುವಾರ ಬೆಳಗ್ಗೆ ತೊಟ್ಟಿಯ ನೀರು ಬದಲಾಯಿಸುತ್ತಾನೆ.